ದೇಶದೇಶದ ಹಿಡಿಮಣ್ಣು

ಆ ಕಣಿವೆಯಲ್ಲಿ ಯಾರನ್ನು ಕೇಳಿದರೂ ಅವಳು ಚಿಕ್ಕಮ್ಮನೇ. ಅಕ್ಕನ ಮಕ್ಕಳು ಕರೆದದ್ದು ಊರಿಗೆಲ್ಲ ಅಂಟಿಕೊಂಡಿತ್ತು. ಕೆಲಸವೋ, ಪ್ರವಾಸಿಗಳನ್ನು ಕಟ್ಟಿಕೊಂಡು ದೇಶದೇಶದ ದ್ರಾಕ್ಷಿ ತೋಟಗಳಿಗೂ ವೈನ್ ನೆಲಮಾಳಿಗೆಗಳಿಗೂ ಅಲೆಯುವುದು. ಹಾಗಂತ ಅವಳೇನು ಕುಡಿಯುವವಳಲ್ಲ. ಒಂದು ಗುಟುಕು ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳಿದರೆ ಮುಗಿಯಿತು. "ಇಷ್ಟು ವರ್ಷ ವೈನ್ ಜೊತೆ ಸಂಸಾರ ಮಾಡಿ ಒಂದು ದಿನ ತೂರಾಡಲಿಲ್ಲವಲ್ಲೇ, ಎಂಥ ಜನ್ಮ ನಿಂದು!" ಅಂತ ಭಾವ ರೇಗಿಸುತ್ತಿದ್ದರು.

ಒಂದೇ ಒಂದು ವಿಷಯದಲ್ಲಿ ಅವಳು ರಾಕ್ಷಸಿ. ಎಷ್ಟೋ ದೇಶಗಳಲ್ಲಿ ತೋಟದ ಗೇಟಿನಲ್ಲೇ ಔಷಧಿ ನೀರಿನ ತಟ್ಟೆ ಇಟ್ಟಿರುತ್ತಾರೆ, ಬೂಟು ಅದ್ದಿಯೇ ಒಳಗೆ ಹೋಗಬೇಕು. "ಇದೇನಮ್ಮಾ, ತೋಟವೋ ಆಸ್ಪತ್ರೆಯೋ?" ಅಂತ ಪ್ರವಾಸಿಗಳು ನಕ್ಕರೆ ಇವಳು ನಗುತ್ತಿರಲಿಲ್ಲ. "ಬೇರುಹೇನು ಅಂತ ಒಂದಿದೆ ಸ್ವಾಮೀ. ಕಣ್ಣಿಗೂ ಸರಿಯಾಗಿ ಕಾಣಲ್ಲ. ಅಂಗಾಲಿನ ಮಣ್ಣಲ್ಲಿ ಕೂತು ಬಂದು ಇಡೀ ಸೀಮೆ ಬೋಳಿಸಿಬಿಡುತ್ತೆ. ಹಿಮ್ಮಡಿನೂ ಅದ್ದಿ, ಹಿಮ್ಮಡಿನೂ!" ಹೋಟೆಲಿಗೆ ಮರಳಿದ ಮೇಲೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತನ್ನ ಬೂಟಿನ ಸಂದುಗೊಂದು ತಿಕ್ಕುತ್ತಿದ್ದಳು. ಒಂದು ಎಲೆ, ಒಂದು ಚಿಟಿಕೆ ಮಣ್ಣು ಚೀಲಕ್ಕೆ ಹಾಕಿಕೊಂಡವರನ್ನು ಬಸ್ಸಿನಲ್ಲಿ ಎಲ್ಲರೆದುರೇ ಜಾಡಿಸುತ್ತಿದ್ದಳು.

ಇಂಥವಳೇ ಪ್ರತಿ ಸಲ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯಲ್ಲಿ ಒಂದು ಹಿಡಿ ಮಣ್ಣು ಮುಚ್ಚಿಟ್ಟುಕೊಂಡು ಬರುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು, ನೀವೇ ಹೇಳಿ.

ಆ ಮಣ್ಣು ಭಾವನಿಗೆ. ಅವರ ತೋಟದ ಬಳ್ಳಿಗಳು ಅವರ ಅಜ್ಜ ನೆಟ್ಟವು, ಕಸಿ ಇಲ್ಲದ ಸ್ವಂತ ಬೇರಿನವು. ಅವನ್ನು ಬಿಟ್ಟು ಭಾವ ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಅಪ್ಪ ಸತ್ತ ಮೇಲೆ ಚಿಕ್ಕಮ್ಮನನ್ನು ಮನೆಗೆ ಕರೆದುಕೊಂಡು ಬಂದು ಓದಿಸಿದವರೂ ಅವರೇ. ಅವಳು ಮೊದಲ ಸಲ ವಿಮಾನ ಹತ್ತುವಾಗ, "ಏನು ತರಲಿ ಭಾವ?" ಅಂದದ್ದಕ್ಕೆ ಕೇಳಿದ್ದು ಇಷ್ಟೇ: "ದೇಶ ಸುತ್ತು, ಕೋಶ ಓದು ಅಂತಾರಲ್ಲ. ನೀನು ಸುತ್ತು. ನಂಗೆ ಒಂದು ಹಿಡಿ ಮಣ್ಣು ತಂದುಕೊಡು, ನಾನು ಅದನ್ನೇ ಓದ್ತೀನಿ."

ಅಂಥವರಿಗೆ ಇಲ್ಲ ಅನ್ನುವುದು ಹೇಗೆ? ಬೆಂಕಿಬೆಟ್ಟದ ಬುಡದ ಕರಿ ಬೂದಿಮಣ್ಣು ಬಂತು. ಬೂಟಿಗೆ ಹಿಟ್ಟಿನ ಹಾಗೆ ಮೆತ್ತುವ ಸುಣ್ಣದ ಮಣ್ಣು ಬಂತು. ನದಿ ದಡದ ಕಡಿದಾದ ಇಳಿಜಾರಿನ ಚಪ್ಪಟೆ ಕಲ್ಲಚೂರು ಬಂತು. ಭಾವ ಪ್ರತಿಯೊಂದನ್ನೂ ಅಂಗೈಯಲ್ಲಿ ಉಜ್ಜಿ, ಮೂಸಿ, ಕಣ್ಣು ಮುಚ್ಚಿ ಆ ಊರಿನ ಬಿಸಿಲು ಹೇಳುತ್ತಿದ್ದರು. ಅರ್ಧ ಸುಳ್ಳು, ಅರ್ಧ ನಿಜ. ಆಮೇಲೆ ಮನೆಗೆ ಹತ್ತಿರದ ಸಾಲಿನಲ್ಲಿ ಒಂದೊಂದು ಬಳ್ಳಿಯ ಬುಡಕ್ಕೆ ಒಂದೊಂದು ದೇಶದ ಮಣ್ಣು ಹಾಕುತ್ತಿದ್ದರು. ಅದಕ್ಕೆ ನಾದಿನಿ ಸಾಲು ಅಂತ ಹೆಸರೂ ಇಟ್ಟರು. ನಮ್ಮ ಮನೆಗೆ ನಮ್ಮವರಿಗಾಗಿ ತಂದದ್ದರಲ್ಲಿ ಏನು ಕೇಡು ಇದ್ದೀತು ಅಂತ ಚಿಕ್ಕಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಈ ಸಲ ಸುಗ್ಗಿಗೆ ಅವಳು ಪ್ರವಾಸಿಗಳಿಗಿಂತ ಒಂದು ದಿನ ಮುಂಚೆ ಬಂದಳು. ಮಾರನೇ ದಿನ ಬಸ್ಸು ನೇರ ಭಾವನ ತೋಟಕ್ಕೆ, ಅಲ್ಲಿಂದ ಕಣಿವೆಯ ಉಳಿದ ತೋಟಗಳಿಗೆಲ್ಲ. ಅಕ್ಕ ಗ್ಲಾಸು ತೊಳೆದು ಬಟ್ಟೆಯ ಮೇಲೆ ಮಗುಚಿಟ್ಟಿದ್ದಳು. ಚಿಕ್ಕಮ್ಮ ಟೀ ಲೋಟ ಹಿಡಿದುಕೊಂಡೇ ನಾದಿನಿ ಸಾಲಿನತ್ತ ನಡೆದಳು. ಸುಣ್ಣದ ಮಣ್ಣು ಹಾಕಿದ ಬಳ್ಳಿಯ ಎಲೆ ಹಳದಿಗಟ್ಟಿತ್ತು. ಅದರ ಎಡಬಲದವೂ ಸೊರಗಿದ್ದವು.

"ನೀರು ಸಾಲದೆ ಹಾಗಾಗಿದೆ ಕಣೆ," ಅಂದಳು ಅಕ್ಕ. "ಹೋದ ವರ್ಷದಿಂದ ನಿಮ್ಮ ಭಾವ ದಿನಾ ಕೊಡ ಹೊತ್ತು ಸುರೀತಾರೆ. ಹೆತ್ತ ಮಕ್ಕಳಿಗೂ ಅಷ್ಟು ಮಾಡಲಿಲ್ಲ."

ಚಿಕ್ಕಮ್ಮ ಲೋಟ ಕೆಳಗಿಟ್ಟು ಎಲೆ ಮಗುಚಿ ನೋಡಿದಳು. ಇಂಥ ಹಳದಿಯನ್ನು ಅವಳು ಬೇರೆ ಕಡೆ ನೋಡಿದ್ದಳು. ಮೊದಲು ಒಂದು ಬಳ್ಳಿ, ಆಮೇಲೆ ಅದರ ಸುತ್ತ ನಾಲ್ಕು, ಆಮೇಲೆ ಗುಡ್ಡವೇ ಬೋಳು. ಅವಳು ಮಣ್ಣು ತಂದ ತೋಟಗಳಲ್ಲಾದರೋ ಬಳ್ಳಿಯನ್ನು ಹೇನಿಗೆ ಜಗ್ಗದ ಕಾಡುಬೇರಿಗೆ ಕಸಿ ಕಟ್ಟಿರುತ್ತಾರೆ. ಮಣ್ಣಲ್ಲಿ ಹೇನಿದ್ದರೂ ಮೇಲೆ ಹಸಿರು. ಭಾವನ ಬಳ್ಳಿಗಳಿಗೆ ಆ ಕಾವಲಿಲ್ಲ. ಅಕ್ಕ ಒಳಗೆ ಹೋದ ಮೇಲೆ ಅವಳು ಅಡಿಗೆಮನೆಯ ಸೌಟು ತಂದು ಪಕ್ಕದ ಬಳ್ಳಿಯ ಬುಡ ಕೆದರಿದಳು. ಎಳೆಬೇರು ಗಂಟುಗಂಟಾಗಿತ್ತು. ಮೇಲೆ ಅರಿಸಿನ ಉದುರಿದ ಹಾಗೆ ಏನೋ ಪುಡಿ. ಚೀಲದಲ್ಲಿದ್ದ ಭೂತಗನ್ನಡಿ ತೆಗೆದು ಹಿಡಿದಳು. ಪುಡಿ ಹರಿದಾಡುತ್ತಿತ್ತು.

ಬೇರಿನ ಒಂದು ತುಂಡು ಮುರಿದುಕೊಂಡಳು. ಅಯ್ಯೋ, ನನ್ನ ಕೈಯಾರೆ! ಅನ್ನ ಹಾಕಿದ ಮನೆಗೆ ನಾನೇ ಕೊಳ್ಳಿ ಇಟ್ಟೆನಲ್ಲ! ಕೃಷಿ ಇಲಾಖೆಗೆ ಹೇಳಿದರೆ ತೋಟವನ್ನೆಲ್ಲ ಕಿತ್ತು ಸುಡಿಸುತ್ತಾರೆ. ಹೇಳದಿದ್ದರೆ ನಾಳೆ ಇಲ್ಲಿ ತುಳಿದ ಬೂಟುಗಳೇ ಕಣಿವೆಯ ಒಂದೊಂದು ತೋಟವನ್ನೂ ತುಳಿಯುತ್ತವೆ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಡಿಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದಳು. ಅಕ್ಕ ಬಾಗಿಲು ಮುಂದೆ ಮಾಡಿ ದನಿ ಇಳಿಸಿದಳು. "ಸುಗ್ಗಿ ಒಂದು ಮುಗೀಲಿ. ಬಾಯಿ ಬಿಡಬೇಡ. ಯಾರಿಗೆ ಗೊತ್ತಾಗುತ್ತೆ?"

"ಅಕ್ಕ, ನಾಳೆ ಬಸ್ಸು..."

"ಬಸ್ಸು ಹಾಳಾಗಿ ಹೋಗಲಿ! ಈ ತೋಟ ಹೋದರೆ ನಿಮ್ಮ ಭಾವ ಉಳೀತಾರೇನೆ?" ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಚಿಕ್ಕಮ್ಮನಿಗೂ ಅಳು ಬಂತು. ಆದರೂ ಅಲ್ಲೇ ನಿಂತು ಪ್ರವಾಸದ ಏಜೆನ್ಸಿಗೆ ಫೋನು ಮಾಡಿ ಬಸ್ಸು ಬೇಡ ಅಂದಳು.

ಭಾವ ಶೆಡ್ಡಿನಲ್ಲಿ ಪೀಪಾಯಿ ಒರೆಸುತ್ತಿದ್ದರು. ಇವಳು ಎದುರಿಗೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿ, ಬೇರಿನ ತುಂಡು ತೋರಿಸಿದಳು. ಬೈಯಲಿ, ಎರಡೇಟು ಹಾಕಲಿ ಅಂತ ಕಾದಳು. ಭಾವ ಬೈಯಲಿಲ್ಲ. ಒದ್ದೆ ಬಟ್ಟೆ ಹಿಂಡಿ, ಮಡಿಸಿ, ಮೆಟ್ಟಿಲ ಮೇಲೆ ಕೂತರು.

"ಅಜ್ಜ ನೆಟ್ಟಿದ್ದು," ಅಂದರು. ಬೇರಿನ ತುಂಡನ್ನು ಕೈಗೆ ತೆಗೆದುಕೊಂಡು, "ನಾನೇ ಕೇಳಿದ್ದಲ್ಲೇನಮ್ಮ. ನೀನೇನು ಮಾಡ್ತೀಯ. ಇಲಾಖೆಗೆ ಫೋನು ಮಾಡು. ನಮ್ಮದು ಹೋದರೆ ಹೋಗಲಿ, ಕಣಿವೆ ಉಳೀಲಿ."

ಅವಳು ಫೋನು ತೆಗೆದಳು. ಭಾವ ತಟ್ಟನೆ ಅವಳ ಮಣಿಕಟ್ಟು ಹಿಡಿದರು.

"ದೊಡ್ಡ ಮಗಳ ಮದುವೆ ವರ್ಷ ಆ ಸಾಲಿನ ಹಣ್ಣು ಜೇನಿನ ಹಾಗೆ ಬಂತಲ್ಲ, ನೆನಪಿದೆಯಾ? ಎಲ್ಲ ಪರದೇಶದ ಮಣ್ಣಿನ ಗುಣ ಅಂದೆ ನಾನು. ಜನ ಬಂದು ಕೇಳಿದರು. ಆ ಸಾಲಿಂದ ಒಂದೊಂದು ಬುಟ್ಟಿ ಮಣ್ಣು ಕೊಟ್ಟೆ. ನಮ್ಮ ಬಳ್ಳಿ ಮಾತ್ರ ಯಾಕೆ ಪ್ರಪಂಚ ನೋಡಬೇಕು ಅಂತ."

"ಯಾರ್ಯಾರಿಗೆ ಭಾವ?"

"ಕೇಳಿದೋರಿಗೆಲ್ಲ." ಅವರು ತಲೆ ಎತ್ತಲಿಲ್ಲ. "ಯಾರು ಕೇಳಲಿಲ್ಲ ಹೇಳು."

ಚಿಕ್ಕಮ್ಮ ಇಲಾಖೆಗೆ ಸುದ್ದಿ ಮುಟ್ಟಿಸಿ, ಕಣಿವೆಯ ತುದಿಯ ತೋಟದ ಗೆಳತಿಗೆ ಫೋನು ಮಾಡಿದಳು. ಅಷ್ಟು ದೂರಕ್ಕಾದರೂ ಹೋಗಿರಲಿಕ್ಕಿಲ್ಲ ಅನ್ನುವ ಆಸೆ.

"ಏ ಚಿಕ್ಕಮ್ಮಾ! ನೂರು ವರ್ಷ ಆಯಸ್ಸು ನಿಂಗೆ, ಈಗ ತಾನೇ ನೆನೆಸ್ಕೊಂಡೆ," ಅಂತ ಗೆಳತಿ ನಗುತ್ತಲೇ ಶುರು ಮಾಡಿದಳು. "ನಾಳೆ ನಿನ್ನ ಜನಕ್ಕೆ ನಮ್ಮ ಮೊದಲನೇ ಬಳ್ಳಿ ತೋರಿಸಲೇಬೇಕು. ನಿಮ್ಮ ಭಾವ ಕೊಟ್ಟ ಮಣ್ಣು ಹಾಕಿದ್ವಲ್ಲ, ಎಲೆಯೆಲ್ಲ ಬಂಗಾರದ ಹಾಗೆ ಹಳದಿ ತಿರುಗಿದೆ ಕಣೆ, ನೋಡೋಕೆ ಎರಡು ಕಣ್ಣು ಸಾಲದು. ನೋಡಿದೋರಿಗೆಲ್ಲ ಆಸೆ. ಮಧ್ಯಾಹ್ನ ಒಬ್ಬರು ಬಂದು ಬೇಡ್ಕೊಂಡ್ರು, ಪಾಪ, ಅದರ ಬುಡದ ಮಣ್ಣು ಒಂದು ಮೂಟೆ ತುಂಬಿ ಕಳಿಸ್ದೆ."

"ಯಾರು? ಯಾರಿಗೆ ಕೊಟ್ಟೆ? ಬೇಗ ಹೇಳು!"

"ಯಾಕೆ ಹಾಗೆ ಕಿರುಚ್ತೀಯಾ? ಬೆಟ್ಟದ ಆಚೆ ಕಣಿವೆಯೋರು. ಆಗಲೇ ಮನೆ ಸೇರಿ ಬಳ್ಳಿ ಬುಡಕ್ಕೆ ಹಾಕಿರ್ತಾರೆ ಬಿಡು."