ಚಿಲಕಕ್ಕೆ ಇಟ್ಟ ಗುರಿ

ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಒಂದು ಪತ್ರಿಕೆಗೆ ಆಟದ ಫೋಟೊ ತೆಗೆದುಕೊಡುತ್ತಿದ್ದವರು. ಓಟವಿರಲಿ, ಫುಟ್‌ಬಾಲ್ ಇರಲಿ, ಮೈದಾನದ ಅಂಚಿನಲ್ಲಿ ಮಡಚುವ ಸ್ಟೂಲು ಹಾಕಿಕೊಂಡು ಒಂದು ಉದ್ದನೆಯ ಲೆನ್ಸಿನ ಹಿಂದೆ ಕೂತಿರುತ್ತಿದ್ದರು. ದೂರದ್ದನ್ನು ಹತ್ತಿರಕ್ಕೆ ಎಳೆದು ತರುವ ಲೆನ್ಸು ಅದು. ನೋಡಲು ಸೋರೆಕಾಯಿಯ ಉದ್ದ, ಎತ್ತಿದರೆ ಕಲ್ಲುಗುಂಡಿನ ಭಾರ. ಕೈ ಆಡಿ ಆಡಿ ಕಪ್ಪು ಬಣ್ಣ ಹೋಗಿ ಒಳಗಿನ ಹಿತ್ತಾಳೆ ಹೊಳೆಯುತ್ತಿತ್ತು. ಮನೆಗೆ ಬಂದ ತಕ್ಷಣ ಮೊದಲು ಅದನ್ನು ಒರೆಸಿ, ಹಳೆಯ ಶಾಲಿನಲ್ಲಿ ಸುತ್ತಿಟ್ಟು, ಆಮೇಲೆಯೇ ತಾವು ಕೈಕಾಲು ತೊಳೆಯುತ್ತಿದ್ದರು. ಅಕ್ಕ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದಳು.

"ರೀ, ಸವತಿಗೆ ಚಳಿಯಾಗದ ಹಾಗೆ ಹೊದಿಸಿದ್ದಾಯ್ತಲ್ಲ, ಇನ್ನು ಆ ಕಿಟಕಿ ಮುಚ್ಚಿ. ನಾನೂ ಇದೀನಿ ಈ ಮನೇಲಿ."

"ಅವಳು ನಿನ್ನ ಹಾಗೆ ಬಾಯಿ ಮಾಡಲ್ಲ. ಅದಕ್ಕೇ ಆ ಮರ್ಯಾದೆ."

ಅಕ್ಕ ದರ್ಜಿ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ದಿನವಿಡೀ ಮೂಗಿನ ತುದಿಯಲ್ಲಿ ಅವಳ ಕೆಲಸ. ಭಾವನ ಕೆಲಸ ಮೈದಾನದ ಆ ತುದಿಯಲ್ಲಿ. ಆ ಲೆನ್ಸಿನ ಗುಣವೇ ಹಾಗೆ, ಒಂದು ಕೋಣೆಯಷ್ಟಾದರೂ ದೂರ ಇರದಿದ್ದರೆ ಅದಕ್ಕೆ ಎಲ್ಲವೂ ಮಂಜು. ಎದುರಿಗೆ ಬಂದು ನಿಂತ ಹೆಂಡತಿ ಅದಕ್ಕೆ ಕಾಣುತ್ತಿರಲಿಲ್ಲ. ಮನೆಯವರ ಫೋಟೊ ಯಾವಾಗ ಬೇಕಾದರೂ ತೆಗೆಯಬಹುದು ಎಂದು ಭಾವ ಹೇಳಿಕೊಂಡೇ ಬಂದರು. ಆ ಯಾವಾಗ ಅನ್ನುವುದು ಬರಲೇ ಇಲ್ಲ. ಮದುವೆಯ ಒಂದು ಫೋಟೊ ಇದೆ, ಅದರಲ್ಲಿ ಅಕ್ಕ ತಲೆ ಬಗ್ಗಿಸಿ ನಿಂತಿದ್ದಾಳೆ. ಬೈತಲೆ ಚೆನ್ನಾಗಿ ಕಾಣುತ್ತದೆ, ಮುಖ ಇಲ್ಲ.

ಕೆಲಸದಲ್ಲಿ ಅವರದೊಂದು ಪದ್ಧತಿ ಇತ್ತು. ಅದನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು, ನಾನು ಎಷ್ಟು ಸಲ ಕೇಳಿದ್ದೇನೋ.

"ಓಡೋರ ಹಿಂದೆ ನಾವು ಓಡಬಾರದು ಕಣಮ್ಮ. ಅವರು ಎಲ್ಲಿಗೆ ಬರ್ತಾರೋ ಅಲ್ಲಿಗೆ ನಾವು ಮೊದಲೇ ಹೋಗಿ ಕೂತಿರಬೇಕು."

ಹೋಗುವುದು ಕಾಲಿನಿಂದಲ್ಲ. ಲೆನ್ಸಿನ ಸುತ್ತ ಒಂದು ಬಳೆ ಇದೆ, ಅದನ್ನು ತಿರುಗಿಸಿದರೆ ಚಿತ್ರ ನಿಚ್ಚಳವಾಗುತ್ತದೆ. ಓಟಗಾರ ದಾಟಬೇಕಾದ ಗೆರೆಗೋ ಕಂಬಕ್ಕೋ ಗುರಿಯಿಟ್ಟು, ಬಳೆಯನ್ನು ಅಲ್ಲಿಗೆ ಸರಿಯಾಗಿ ನಿಲ್ಲಿಸಿ, ಆಮೇಲೆ ಅದನ್ನು ಮುಟ್ಟದೆ ಕಾಯುವುದು. ಆಳು ಆ ಜಾಗಕ್ಕೆ ಕಾಲಿಟ್ಟಾಗ ಒತ್ತುವುದು. ಒಂದು ಹೆಜ್ಜೆ ಹಿಂದೆಮುಂದೆ ಆದರೂ ಚಿತ್ರ ಕೆಟ್ಟಂತೆ. ಅಕ್ಕ ಅನ್ನ ಬಡಿಸುತ್ತಾ, "ಬರದೇ ಇದ್ದರೆ?" ಎಂದು ಕೇಳುವಳು. "ಬರದಿದ್ದರೆ ಬರಲ್ಲ" ಅನ್ನುವರು ಭಾವ.

ಭಾವ ಕೆಲಸ ಬಿಟ್ಟಾಗ ಪತ್ರಿಕೆಯವರಿಗೆ ತಮ್ಮ ಆ ಹಳೆಯ ಲೆನ್ಸು ಬೇಡವಾಗಿತ್ತು. ಇವರೇ ತಂದುಕೊಂಡರು. ಶಾಲಿನೊಳಗೆ ಅದು ಮಲಗಿತ್ತು.

ಆಮೇಲೆ ಅಕ್ಕನ ದವಡೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ದವಡೆಯ ಒಂದು ಭಾಗವನ್ನೇ ತೆಗೆದರು. ಎಡಗೆನ್ನೆ ಒಳಕ್ಕೆ ಹೋಯಿತು, ತುಟಿ ಒಂದು ಕಡೆಗೆ ವಾಲಿತು. ಮನೆಗೆ ಬಂದವಳು ಕನ್ನಡಿಯನ್ನು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟಳು. ಒಂದು ವರ್ಷ ಕಳೆಯುವಷ್ಟರಲ್ಲಿ ಗಂಟು ಮತ್ತೆ ಬಂತು. ಇನ್ನು ಕತ್ತರಿ ಹಾಕಿ ಪ್ರಯೋಜನವಿಲ್ಲ ಎಂದು ಡಾಕ್ಟರು ಭಾವನನ್ನು ಹೊರಗೆ ಕರೆದು ಹೇಳಿದರು. ಅದನ್ನು ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆವಾಗ ಭಾವನಿಗೆ ಅಕ್ಕನ ಫೋಟೊ ಬೇಕೆನಿಸಿತು. ಕೇಳಿಯೂ ಕೇಳಿದರು.

"ಈ ಮುಖಕ್ಕೆ ಕ್ಯಾಮೆರಾ ಹಿಡಿದರೆ ನನ್ನ ಮೇಲೆ ಆಣೆ" ಅಂದುಬಿಟ್ಟಳು ಅಕ್ಕ. "ಮುಖ ಚೆನ್ನಾಗಿದ್ದಾಗ ಎಲ್ಲಿ ಹೋಗಿದ್ರಿ?"

ಭಾವ ಎದ್ದು ಹೋಗಿ ಅಡುಗೆಮನೆಯಲ್ಲಿ ಲೋಟ ತೊಳೆದರು. ತೊಳೆದ ಲೋಟವನ್ನೇ ಮತ್ತೆ ತೊಳೆದರು.

ಮಾರನೆಯ ವಾರ ಅವರ ಮಗಳು ತನ್ನ ಹೊಸ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು. ಅವಳು ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಅಂಗೈಯಲ್ಲಿ ಕೂರುವಂಥ ಕ್ಯಾಮೆರಾ ಅದು, ಹಳೆಯ ಲೆನ್ಸು ಅದಕ್ಕೆ ನೇರ ಕೂರುವುದಿಲ್ಲ. ನಡುವೆ ಹಾಕಲು ಲೋಹದ ಒಂದು ಉಂಗುರವನ್ನು ಭಾವ ಹುಡುಕಿ ತರಿಸಿದ್ದರು. ನಮ್ಮ ಮನೆಯಲ್ಲಿ ಕೂತು ಎಲ್ಲವನ್ನೂ ತಿರುಗಿಸಿ ಬಿಗಿದು ಗುಂಡಿ ಒತ್ತಿದರೆ ಕ್ಯಾಮೆರಾ ಅಲ್ಲಾಡಲಿಲ್ಲ. ಪರದೆಯ ಮೇಲೆ ಲೆನ್ಸು ಇಲ್ಲ ಎಂದು ಬಂತು.

"ಕಲ್ಲುಗುಂಡಿನಂಥದ್ದು ಮೂಗಿನ ಮೇಲೆ ಕೂತಿದೆ, ಇಲ್ಲ ಅಂತಾನಲ್ಲೇ ಇವನು!" ಅಂದರು ಭಾವ.

"ಹಳೇ ಲೆನ್ಸು ಇದರ ಜೊತೆ ಮಾತಾಡಲ್ಲ ಅಪ್ಪ. ಇರಲಿ, ಲೆನ್ಸು ಇಲ್ಲದೇ ಹೋದರೂ ತೆಗಿ ಅಂತ ಇದಕ್ಕೆ ಹೇಳಿಡ್ತೀನಿ. ಬೆಳಕು, ಫೋಕಸ್ಸು, ಎಲ್ಲ ನೀವೇ ನೋಡ್ಕೋಬೇಕು."

"ಇಷ್ಟು ದಿನ ಇನ್ಯಾರು ನೋಡ್ಕೊಂಡಿದ್ದು?"

ನನ್ನ ಮನೆ ಅಕ್ಕನ ಮನೆಗೆ ಎದುರು. ನಡುವೆ ಅಂಗಳ, ಆ ಕಡೆ ಅವರ ಮಹಡಿ, ಈ ಕಡೆ ನನ್ನದು. ನನ್ನ ಬಾಲ್ಕನಿಯಿಂದ ಅಕ್ಕನ ಕಿಟಕಿ ಕಾಣುತ್ತದೆ. ಭಾವ ಬಂದದ್ದು ಅದಕ್ಕೇ ಎಂದು ನನಗೆ ಅರ್ಥವಾಯಿತು.

"ಕೇಳಿ ತೆಗೀರಿ ಭಾವ" ಅಂದೆ.

"ಕೇಳಿದ್ದಾಯ್ತು. ಬೇಡ ಅಂತಾಳೆ."

"ಬೇಡ ಅಂದಮೇಲೆ ಬೇಡ."

"ಜೀವಮಾನವೆಲ್ಲ ಯಾರನ್ನೂ ಕೇಳದೆ ತೆಗೆದಿದೀನಿ."

"ಅವರು ಆಡೋಕೆ ಬಂದೋರು. ಇವಳು ಆಟಕ್ಕೆ ಬಂದಿಲ್ಲ."

ಭಾವ ತಲೆ ತಗ್ಗಿಸಿದರು. ಆದರೆ ಎದ್ದು ಹೋಗಲಿಲ್ಲ. "ಅವಳು ಹೋದಮೇಲೆ ನಾನು ಏನನ್ನ ನೋಡಲಿ, ಹೇಳು" ಅಂದರು. ಅಕ್ಕ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ ಎಂದು ಮಾತ್ರ ಹೇಳಿ ಕುರ್ಚಿ ಹಾಕಿಕೊಟ್ಟೆ.

ದಿನಾ ಬೆಳಗ್ಗೆ ಬಂದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಸವತಿಯನ್ನು ಕೂರಿಸಿ ಹಿಂದಿನ ಪುಟ್ಟ ಪರದೆ ನೋಡುತ್ತಿದ್ದರು. ನನಗೂ ತೋರಿಸಿದರು. ಎಲ್ಲಿ ನಿಚ್ಚಳವಾಗಿದೆಯೋ ಅಲ್ಲಿ ಅಂಚಿಗೆಲ್ಲ ಕೆಂಪು ಗೆರೆ ಮಿನುಗುತ್ತದೆ. ಆದರೆ ಅಷ್ಟು ಉದ್ದದ ಲೆನ್ಸಿಗೆ ಬೆರಳು ತಾಗಿದರೂ ಸಾಕು, ಚಿತ್ರವೆಲ್ಲ ನೀರಿನ ಹಾಗೆ ಅಲುಗುತ್ತದೆ. ಭಾವನ ಬೆರಳುಗಳಿಗೋ ಆಗಲೇ ನಡುಕ. ಅಕ್ಕ ನೋವಿಗೆ ಒಂದು ಕಡೆ ಕೂರಲಾರಳು. ಇವರು ಬಳೆ ತಿರುಗಿಸುವಷ್ಟರಲ್ಲಿ ಅವಳು ಸರಿದಿರುತ್ತಿದ್ದಳು. ತೆಗೆದದ್ದೆಲ್ಲ ಮಂಜು.

ಕೊನೆಗೆ ತಮ್ಮ ಹಳೆಯ ಪದ್ಧತಿಗೇ ಬಂದರು. ಅಕ್ಕನ ಕಿಟಕಿಯ ಚಿಲಕಕ್ಕೆ ಗುರಿಯಿಟ್ಟು, ಬಳೆಯನ್ನು ಅಲ್ಲಿಗೆ ನಿಲ್ಲಿಸಿ, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. ಪರದೆಯಲ್ಲಿ ಚಿಲಕ ಕೆಂಪಗೆ ಮಿನುಗುತ್ತಿತ್ತು. ಅಕ್ಕ ಮಾತ್ರ ಯಾವಾಗಲೂ ಒಂದು ಹೆಜ್ಜೆ ಹಿಂದೆ, ನೆರಳಿನಲ್ಲೇ ಇದ್ದಳು.

ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಮಾತು ಆಗ ತೊದಲುತ್ತಿತ್ತು, ನನಗೆ ಅಭ್ಯಾಸವಾಗಿತ್ತು.

"ನಿಮ್ಮ ಭಾವ ಬೆಳಬೆಳಗ್ಗೆ ನಿನ್ನ ಮನೇಲಿ ಏನು ಮಾಡ್ತಾರೆ?"

"ಸವತಿ ಜೊತೆ ಕೂತಿರ್ತಾರೆ."

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ರೇಗುತ್ತಾಳೆ ಎಂದುಕೊಂಡೆ. ಕಿಟಕಿಯ ಕಡೆ ತಿರುಗಿ ನನ್ನ ಬಾಲ್ಕನಿಯನ್ನು ನೋಡಿದಳು. ಗಂಜಿ ಕೆನೆಗಟ್ಟಿತು.

"ಗುರಿ ಎಲ್ಲಿಗೆ ಇಟ್ಟಿದಾರೆ?"

ಭಾವನ ಪದ್ಧತಿಯನ್ನು ಕೇಳುತ್ತಾ ಅಷ್ಟು ವರ್ಷ ಅನ್ನ ಬಡಿಸಿದವಳು ಕೇಳುವ ಪ್ರಶ್ನೆ ಅದು.

"ಚಿಲಕಕ್ಕೆ" ಅಂದೆ.

"ಗಂಜಿ ಆರಿಹೋಯ್ತು. ಬಿಸಿ ಮಾಡು ಹೋಗು."

ಮರುದಿನ ಬೆಳಗ್ಗೆ ಭಾವ ಎಂದಿನಂತೆ ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ಗೋಡೆ ಹಿಡಿದುಕೊಂಡು ಕಿಟಕಿಯ ಹತ್ತಿರಕ್ಕೆ ಬಂದಳು. ತಲೆ ಬಾಚಿಕೊಂಡಿದ್ದಳು. ಚಿಲಕದ ಮೇಲೆ ಕೈಯಿಟ್ಟು, ಆ ಎಡಗೆನ್ನೆಯನ್ನೂ ಬೆಳಕಿಗೆ ಕೊಟ್ಟು, ನೇರವಾಗಿ ನಮ್ಮ ಬಾಲ್ಕನಿಯನ್ನೇ ನೋಡಿ ನಿಂತಳು. ಪರದೆಯಲ್ಲಿ ಅವಳ ಬೆರಳು, ಕಿವಿಯೋಲೆ, ರೆಪ್ಪೆ, ಎಲ್ಲಕ್ಕೂ ಕೆಂಪು ಗೆರೆ ಹತ್ತಿಕೊಂಡಿತು.

ಭಾವ ಒತ್ತಲಿಲ್ಲ. ಪರದೆ ಬಿಟ್ಟು ಬರಿಗಣ್ಣಿನಲ್ಲಿ ಅವಳನ್ನು ನೋಡುತ್ತಾ ಕೂತುಬಿಟ್ಟರು. ಅಷ್ಟು ದೂರದಿಂದ ಅವರಿಗೆ ಏನು ಕಂಡಿತೋ. ಅವಳು ಇನ್ನೊಂದು ಕೈಯನ್ನೆತ್ತಿ, ಏನಾಯ್ತು, ಎಷ್ಟು ಹೊತ್ತು, ಎಂಬಂತೆ ಬೆರಳು ತಿರುಗಿಸಿದಳು.

"ಒತ್ತಿ ಭಾವ" ಅಂದೆ.

ಒಂದೇ ಸಲ ಒತ್ತಿದರು.

ಸಂಜೆ ಲೆನ್ಸನ್ನು ಸ್ಟ್ಯಾಂಡಿನ ಮೇಲೆಯೇ ಬಿಟ್ಟು, ಕ್ಯಾಮೆರಾವನ್ನಷ್ಟೇ ಕಳಚಿ ಒಯ್ದು ಅಕ್ಕನಿಗೆ ತೋರಿಸಿದರು. ನಾನೂ ಇದ್ದೆ. ಅವಳು ಪರದೆಯನ್ನು ಹತ್ತಿರ ಹಿಡಿದು ನೋಡಿದಳು, ಕಾಜಾ ನೋಡುವ ಹಾಗೆ.

"ಕೆನ್ನೆ ಬಿದ್ದಿದೆಯಲ್ಲ."

"ಬಿದ್ದಿದೆ" ಅಂದರು ಭಾವ.

"ಇರಲಿ ಬಿಡಿ. ನಾನು ಬಂದೆನೋ ಇಲ್ಲವೋ?"

ಭಾವ ಅವಳ ಮಂಚದ ಅಂಚಿನಲ್ಲಿ ಕೂತರು. ನೀನು ಬಂದೆ, ಬಂದೆ, ಎಂದು ಅವಳ ಕೈ ಸವರಿದರು. ಆಮೇಲೆ ಅವರು ಅವಳ ಫೋಟೊ ತೆಗೆಯಲಿಲ್ಲ, ನನ್ನ ಮನೆಗೆ ಬರುವುದನ್ನೂ ಬಿಟ್ಟರು. ಬೆಳಗ್ಗೆಯೆಲ್ಲ ಅವಳ ಪಕ್ಕದಲ್ಲೇ ಕೂತಿರುತ್ತಿದ್ದರು. ಚಳಿಗಾಲ ಮುಗಿಯುವ ಮೊದಲೇ ಅಕ್ಕ ಹೋದಳು.

ಭಾವ ಈಗಲೂ ಇದ್ದಾರೆ. ಮಗಳ ಶಾಲೆಯಲ್ಲಿ ಓಟದ ಪಂದ್ಯವಾದರೆ ಅವರೇ ಹೋಗಿ ಫೋಟೊ ತೆಗೆಯುತ್ತಾರೆ, ಅವಳ ಕ್ಯಾಮೆರಾದಲ್ಲಿ, ಅದರದೇ ಲೆನ್ಸಿನಲ್ಲಿ. ಹಳೆಯದನ್ನು ತರಲೇ ಎಂದು ಮಗಳು ಒಮ್ಮೆ ಕೇಳಿದ್ದಕ್ಕೆ, "ಬೇಡ, ಅದು ಅಲ್ಲೇ ಇರಲಿ" ಅಂದರು.

ಅದು ನನ್ನ ಬಾಲ್ಕನಿಯ ಬಾಗಿಲ ಹಿಂದೆ ಸ್ಟ್ಯಾಂಡಿನ ಮೇಲೆಯೇ ಇದೆ. ಶಾಲು ಹೊದಿಸಿದ್ದೇನೆ. ವಾರಕ್ಕೊಮ್ಮೆ ಶಾಲು ತೆಗೆದು ಧೂಳು ಒರೆಸುತ್ತೇನೆ, ಚಿಲಕಕ್ಕೆ ನಿಲ್ಲಿಸಿದ ಬಳೆ ತಿರುಗದ ಹಾಗೆ.