ನವಾಬನ ಬಾಯಿ ತಿದ್ದಿದ ಮೋನಾಕ

ಮೋನಾಕ ಪಾಠ ಮಾಡುತ್ತಿದ್ದದ್ದು ಕನ್ನಡದಲ್ಲಿ, ಬೈಯುತ್ತಿದ್ದದ್ದು ತುಳುವಿನಲ್ಲಿ, ಕುದುರೆಯೊಡನೆ ಮಾತಾಡುತ್ತಿದ್ದದ್ದು ತಮ್ಮ ಮನೆಮಾತು ಬ್ಯಾರಿಯಲ್ಲಿ. ಹಾಗಾಗಿ ಬೇಲಿಯಾಚೆ ನಿಂತವರಿಗೂ ಮೈದಾನದೊಳಗಿನ ಸಮಾಚಾರ ತಿಳಿಯುತ್ತಿತ್ತು. ಕನ್ನಡ ಕೇಳಿಸಿದರೆ ನನ್ನ ಸವಾರಿ ಪರವಾಗಿಲ್ಲ. ತುಳು ಕೇಳಿಸಿದರೆ ನನ್ನ ಗ್ರಹಚಾರ ಕೆಟ್ಟಿದೆ. ಬ್ಯಾರಿ ಕೇಳಿಸಿತೆಂದರೆ ನಾನು ಅಲ್ಲಿ ಇದ್ದೂ ಇಲ್ಲದ ಹಾಗೆ, ಅವರಿಬ್ಬರೇ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದಾರೆ. ಮೋನಾಕ ತೀರಿಕೊಂಡ ಮೇಲೆ ನನ್ನನ್ನು ಹೀಗೆ ಮೂರು ಭಾಷೆಗಳಲ್ಲಿ ವಿಚಾರಿಸಿಕೊಳ್ಳುವವರು ಯಾರೂ ಉಳಿದಿಲ್ಲ.

ಅವರ ಅಣ್ಣತಮ್ಮಂದಿರೆಲ್ಲ ಬಂದರಿನಲ್ಲಿ ಅಂಗಡಿ ಹಾಕಿ ಕುಳಿತವರು. ಮೋನಾಕ ಒಬ್ಬರೇ ಗಲ್ಫಿಗೆ ಹೋಗಿ ಯಾರೋ ಶ್ರೀಮಂತರ ಲಾಯದಲ್ಲಿ ಕುದುರೆ ಮೈ ಉಜ್ಜುವ ಕೆಲಸಕ್ಕೆ ಸೇರಿದರು. ಅಲ್ಲಿ ಜರ್ಮನಿಯ ಮುದುಕಿ ಟೀಚರೊಬ್ಬಳ ಕಣ್ಣಿಗೆ ಬಿದ್ದು ಡ್ರೆಸಾಜ್ ಕಲಿತರು. ಡ್ರೆಸಾಜ್ ಎಂದರೆ ಓಡುವುದೂ ಅಲ್ಲ, ಬೇಲಿ ಹಾರುವುದೂ ಅಲ್ಲ. ಸವಾರನ ಸಣ್ಣ ಸನ್ನೆಗೆ ಕುದುರೆ ಹೆಜ್ಜೆ ಬದಲಿಸುತ್ತ, ವೃತ್ತ ತಿರುಗುತ್ತ, ನಿಲ್ಲುತ್ತ ಹೋಗುವ ಸವಾರಿ ಅದು. ನೋಡುವವರಿಗೆ ಮೇಲಿದ್ದವನು ಸುಮ್ಮನೆ ಕೂತಂತೆ ಕಾಣಬೇಕು. ಮಗ ದೊಡ್ಡ ಜನ ಆಗುತ್ತಾನೆಂದು ಕಾದಿದ್ದ ಮನೆಯವರಿಗೆ ಮೋನಾಕ ಕಲಿತದ್ದು ಏನೆಂದು ಕೊನೆಗೂ ಅರ್ಥವಾಗಲಿಲ್ಲ. ಊರಿಗೆ ಮರಳುವಾಗ ಅವರು ತಂದದ್ದು ಹಾಳಾದ ಒಂದು ಮೊಣಕಾಲು ಮತ್ತು ಆ ವಿದ್ಯೆ.

ಮಂಗಳೂರಿನಲ್ಲಿ ಕಾವೂರಿನ ಆಚೆ ಶೆಟ್ಟರೊಬ್ಬರ ಜಾಗದಲ್ಲಿ ಸಣ್ಣದೊಂದು ಸವಾರಿ ಮೈದಾನ ಇತ್ತು. ಶೆಟ್ಟರು ಹೋಟೆಲಿನವರು. ಕುದುರೆ ಅವರಿಗೆ ಷೋಕಿ. ಮೈದಾನದ ನಡುವೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಡಿಸಿಕೊಂಡು ಮೋನಾಕ ಪಾಠ ಮಾಡುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಬೆಲ್ಲ, ಬೆಲ್ಲದಲ್ಲಿ ಸದಾ ಇರುವೆ. ತಲೆಯ ಮೇಲೆ ವಿಮಾನ ಹಾದರೆ ಪಾಠ ನಿಲ್ಲಿಸಿ ನೋಡುವರು. "ಇದು ದುಬೈದಲ್ಲ, ದಮಾಮ್‌ದು," ಎನ್ನುವರು. ಸರಿಯೋ ತಪ್ಪೋ ಯಾರಿಗೆ ಗೊತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಆದರೂ ನಾನು ಅವರಿಗೆ ಅಕ್ಕ. ಊರೆಲ್ಲ ಅವರನ್ನು ಕಾಕ ಎನ್ನುವಾಗ ಅವರು ಊರಿನ ಹೆಂಗಸರನ್ನೆಲ್ಲ ಅಕ್ಕ ಎನ್ನುತ್ತಿದ್ದರು.

ನಾನು ಕೊಡಿಯಾಲ್‌ಬೈಲಿನ ಒಂದು ಬ್ಯಾಂಕಿನಲ್ಲಿ ದುಡಿಯುವವಳು. ಅಪ್ಪ ಮಿಲಿಟರಿಯಲ್ಲಿದ್ದಾಗ ಹುಡುಗಿಯಾಗಿ ಸವಾರಿ ಕಲಿತಿದ್ದೆ, ಸಣ್ಣಪುಟ್ಟ ಡ್ರೆಸಾಜ್ ಸ್ಪರ್ಧೆಗಳಿಗೂ ಇಳಿದಿದ್ದೆ. ಮದುವೆ, ಮಗ, ವರ್ಗಾವಣೆ ಎಲ್ಲ ಕಳೆದು ನಲವತ್ತು ದಾಟಿದ ಮೇಲೆ ಮತ್ತೆ ಜೀನಿನ ಮೇಲೆ ಕೂರುವ ಹುಚ್ಚು ಬಂತು. ಶೆಟ್ಟರು ನವಾಬನನ್ನು ಓಡಿಸಿ ಎಂದರು. ಬೇರೆ ಯಾರೂ ಅವನನ್ನು ಹತ್ತುತ್ತಿರಲಿಲ್ಲ. ರೇಸಿನಿಂದ ಹೊರಬಿದ್ದ ಕಂದು ಕುದುರೆ ಅದು. ಯಾರ್ಯಾರೋ ಲಗಾಮು ಎಳೆದೆಳೆದು ಬಾಯಿ ಕಲ್ಲಾಗಿತ್ತು, ಸಣ್ಣ ಸನ್ನೆ ನಾಟುತ್ತಲೇ ಇರಲಿಲ್ಲ. ಶೆಟ್ಟರ ಮಗನನ್ನು ಒಮ್ಮೆ ಬೇಲಿಗೆ ಎಸೆದಿತ್ತು. "ದೀಪಾವಳಿಯೊಳಗೆ ಇದು ಸರಿಯಾದ್ರೆ ಇಟ್ಕೊಳ್ತೇನೆ," ಎಂದಿದ್ದರು ಶೆಟ್ಟರು. "ಇಲ್ಲದಿದ್ರೆ ಬೀಚಿನಲ್ಲಿ ಸವಾರಿ ಮಾಡಿಸುವವರು ಕೇಳಿದ್ದಾರೆ, ಕೊಟ್ಟುಬಿಡ್ತೇನೆ. ಅವರ ಹತ್ರ ಮುಳ್ಳಿನ ಕಡಿವಾಣ ಉಂಟು, ಹೇಗೂ ನಿಲ್ಲಿಸ್ತಾರೆ."

ಮುಳ್ಳಿನ ಕಡಿವಾಣ ಎಂಬ ಮಾತು ಬಂದದ್ದೇ ಮೋನಾಕ ಕೊಡೆ ಮಡಚಿದರು. ಅವರ ಮುಖ ಹಾಗೆ ಬಿಳಿಚಿಕೊಂಡದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ನನ್ನ ಹತ್ತಿರ ಬಂದು, "ಅಕ್ಕ, ನಾಳೆಯಿಂದ ದಿನಾ ಬೆಳಿಗ್ಗೆ ಬನ್ನಿ. ರಜೆ ಗಿಜೆ ಇಲ್ಲ," ಎಂದರು.

ದಿನಾ ಹೋದೆ. ಬೆಳಿಗ್ಗೆ ಕುದುರೆ, ಆಮೇಲೆ ಬ್ಯಾಂಕು, ಸಂಜೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಮೈಯಲ್ಲಿ ಯಾವ ಮೂಳೆ ನನ್ನದು, ಯಾವುದು ಕುದುರೆಯದು ಎಂದು ತಿಳಿಯದಷ್ಟು ದಣಿವು. ನನ್ನ ಸವಾರಿಯೋ, ಹಿಮ್ಮಡಿಯಲ್ಲಿ ಗುದ್ದು, ಲಗಾಮಿನಲ್ಲಿ ಎಳೆ. ಹುಡುಗಿಯಾಗಿದ್ದಾಗ ಹಾಗೆಯೇ ಗೆದ್ದವಳು ನಾನು. ಕುದುರೆಗೆ ಯಜಮಾನರು ಯಾರೆಂದು ತಿಳಿಯಬೇಕು ಎಂದು ನಂಬಿದ್ದೆ. ಮೋನಾಕ ಕುರ್ಚಿಯಿಂದ ಕೇಳುವರು, "ಅಕ್ಕ, ನೀವು ಕುದುರೆ ಓಡಿಸ್ತಾ ಇದ್ದೀರಾ, ಬಟ್ಟೆ ಒಗೀತಾ ಇದ್ದೀರಾ?"

ಒಂದು ಬೆಳಿಗ್ಗೆ ನವಾಬ ವೃತ್ತದಲ್ಲಿ ತಲೆ ಎಸೆಯುತ್ತ ನನ್ನ ತೋಳು ಕೀಳುತ್ತಿದ್ದ. ನಾನು ಬಲವಾಗಿ ಎಳೆದು ಹಿಡಿದಿದ್ದೆ. ಮೋನಾಕ, "ಬಿಡಿ," ಎಂದರು. ನಾನು ಇನ್ನೊಂದು ಸುತ್ತು ಪ್ರಯತ್ನಿಸಿದೆ. "ಬಿಡಿ ಅಕ್ಕ, ಬಿಡಿ," ಎಂದರು ಮತ್ತೆ. ನಮ್ಮ ಕಡೆ ಬೇಸತ್ತವರು 'ಬಿಡಿ ಮಾರಾಯ್ರೆ' ಎಂದರೆ, ಇದು ನಿಮ್ಮಿಂದ ಆಗುವ ಕೆಲಸವಲ್ಲ ಎಂದು ಅರ್ಥ. ನನ್ನ ಕಣ್ಣು ತುಂಬಿತು. ಕುದುರೆ ನಿಲ್ಲಿಸಿ ಇಳಿದು, ಲಗಾಮು ತಂದು ಅವರ ಕೈಗೆ ಕೊಟ್ಟೆ. ಅವರು ನನ್ನನ್ನೂ ಲಗಾಮನ್ನೂ ನೋಡಿ, "ದಾಯೆ ಜತ್ತರ್ ಮಾರಾಯ್ರೆ?" ಎಂದರು. ಯಾಕೆ ಇಳಿದಿರಿ ಎಂದು ತುಳುವಿನಲ್ಲಿ ಕೇಳಿದ್ದು.

"ನೀವೇ ಬಿಡಿ ಅಂದ್ರಿ."

"ಲಗಾಮು ಬಿಡಿ ಅಂದೆ. ಸ್ವಲ್ಪ. ಒಂದು ಬೆರಳಿನಷ್ಟು. ಕುದುರೆಯನ್ನೇ ಬಿಡಿ ಅಂದೆನಾ ನಾನು?"

ಆಮೇಲೆ ಅವರು ಮಾಡಿದ್ದನ್ನು ಯಾರಾದರೂ ನೋಡಿದ್ದರೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಗೂಟದಲ್ಲಿ ನೇತಾಡುತ್ತಿದ್ದ ಇನ್ನೊಂದು ಲಗಾಮು ತಂದರು. ಕಡಿವಾಣದ ತುದಿಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನಿಂತರು. "ಈಗ ನಾನು ಕುದುರೆ. ನನ್ನನ್ನು ಎಡಕ್ಕೆ ತಿರುಗಿಸಿ." ಎಳೆದೆ. ಅವರು ಹಲ್ಲು ಕಚ್ಚಿ ಬಲಕ್ಕೆ ಎಳೆದರು. "ನೋವಾದ್ರೆ ನಾನು ಯಾಕೆ ತಿರುಗ್ಬೇಕು? ಪುನಃ." ಮತ್ತೆ ಎಳೆದೆ, ಮತ್ತೆ ಮೊಂಡು ಹಿಡಿದರು. ಸಾಕಾಗಿ ಬೆರಳು ಸಡಿಲಿಸಿದಾಗ ಅವರ ಕೈ ತಾನಾಗಿ ನನ್ನ ಕಡೆ ಬಂತು. ಕಣ್ಣು ತೆರೆದು ನಕ್ಕರು. "ಹಾಂ. ನೀರುದೋಸೆ ಮಡಚುವಾಗ ನಿಮ್ಮ ಕೈ ಹೇಗಿರ್ತದೆ? ಹಾಗೆ ಇರ್ಲಿ. ಹಿಡಿದೂ ಇರ್ಬೇಕು, ಹರಿಯಲೂ ಬಾರ್ದು."

ತಲೆಗೆ ಹೋಯಿತು, ಕೈಗೆ ಇಳಿಯಲಿಲ್ಲ. ನವರಾತ್ರಿ ಬಂತು, ನವಾಬನ ಬಾಯಿ ಹಾಗೆಯೇ ಇತ್ತು. ಬೀಚಿನವರು ಒಮ್ಮೆ ಬಂದು ಕುದುರೆಯ ಹಲ್ಲು ನೋಡಿಕೊಂಡು ಹೋದರು. ಆ ಹೊತ್ತಿಗೆ ಮೋನಾಕ ಲಾಯದ ಹಿಂದೆ ಹೋಗಿ ನಿಂತಿದ್ದರು. ಅಷ್ಟರಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಬ್ಯಾಂಕಿನಲ್ಲಿ ಆಡಿಟ್ ಶುರುವಾಯಿತು. ನಿದ್ದೆಯೆಂಬುದು ಬೆಂಚಿನ ಮೇಲೆ ಕೂತು ತೂಕಡಿಸುವುದು ಎಂದಾಗಿತ್ತು. ಅಂಥ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ನೇರ ಮೈದಾನಕ್ಕೆ ಹೋದೆ. ಯಾಕೆ ಹೋದೆನೋ. ಹೋಗದಿದ್ದರೆ ಮೋನಾಕ ಆ ಕುರ್ಚಿಯಲ್ಲಿ ಕಾಯುತ್ತ ಕೂರುತ್ತಾರಲ್ಲ ಎಂಬ ಸಂಕಟಕ್ಕೆ ಇರಬೇಕು.

ಹತ್ತಿ ಕೂತೆ. ಗುದ್ದಲು ಕಾಲಿಗೆ ಶಕ್ತಿಯಿಲ್ಲ, ಎಳೆಯಲು ಕೈಗೆ ಬಲವಿಲ್ಲ. ಉಸಿರು ಬಿಟ್ಟೆ, ನವಾಬ ನಡೆದ. ಮೀನಖಂಡ ಅವನ ಹೊಟ್ಟೆಗೆ ತಾಗಿತಷ್ಟೆ, ಟ್ರಾಟಿಗೆ, ಕುಲುಕು ಓಟಕ್ಕೆ, ಏರಿದ. ತಿರುಗಬೇಕಾದ ಕಡೆ ನೋಡಿದೆ, ತಿರುಗಿದ. ಕತ್ತು ಇಳಿಸಿ, ಬಾಯಿ ಸಡಿಲಿಸಿ ಕಡಿವಾಣವನ್ನು ಮೆಲ್ಲಗೆ ಜಗಿಯತೊಡಗಿದ. ತಲೆಯ ಮೇಲೆ ವಿಮಾನ ಹೋಯಿತು. ಬೇರೆ ದಿನವಾದರೆ ಬೇಲಿ ಮುರಿಯುತ್ತಿದ್ದ ಪ್ರಾಣಿ ಕಿವಿಯೊಂದನ್ನು ಆಡಿಸಿ ಸುಮ್ಮನಾಯಿತು. ಕುರ್ಚಿಯ ಕಡೆಯಿಂದ ಮೂರರಲ್ಲಿ ಒಂದು ಭಾಷೆಯೂ ಕೇಳಿಸಲಿಲ್ಲ. ವಿಮಾನ ಎಲ್ಲಿಯದೆಂದೂ ಅವರು ಹೇಳಲಿಲ್ಲ.

ನಿಲ್ಲಿಸಿದಾಗ ಮೋನಾಕ ಕುಂಟುತ್ತ ಬಂದು ನವಾಬನ ಬಾಯಿಗೆ ಬೆಲ್ಲ ಕೊಟ್ಟರು. "ಇವತ್ತು ಎಂತ ಮಾಡಿದ್ರಿ ಅಕ್ಕ?"

"ಎಂತದೂ ಮಾಡ್ಲಿಲ್ಲ ಮೋನಾಕ. ಸುಸ್ತು."

"ಒಳ್ಳೇದಾಯ್ತು. ನಾಳೆಯೂ ಅದನ್ನೇ ಮಾಡಿ."

ಹೇಳುವುದು ಸುಲಭ. ಚೆನ್ನಾಗಿ ನಿದ್ದೆ ಮಾಡಿ ಬಂದ ದಿನ ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಕೈ ಸುಮ್ಮನಿರುವುದೇ ಇಲ್ಲ, ಏನಾದರೂ ಸರಿಪಡಿಸಲು ಹೋಗುತ್ತದೆ. ಆದರೆ ಒಮ್ಮೆ ರುಚಿ ಸಿಕ್ಕಿತ್ತು. ದೀಪಾವಳಿಯ ಹಣತೆ ಹಚ್ಚುವ ಹೊತ್ತಿಗೆ ನವಾಬ ನನ್ನ ಉಸಿರಿಗೆ ನಿಲ್ಲುವ ಕುದುರೆಯಾಗಿದ್ದ.

ಶೆಟ್ಟರು ನೋಡಿ ಬಹಳ ಖುಷಿಪಟ್ಟರು. ವಿಡಿಯೋ ಮಾಡಿ ಗೆಳೆಯರಿಗೆಲ್ಲ ಕಳಿಸಿದರು. ವಾರ ಕಳೆಯುವುದರೊಳಗೆ ಬೆಂಗಳೂರಿನಿಂದ ಗಿರಾಕಿ ಬಂದರು, ಮಗಳಿಗೆ ಡ್ರೆಸಾಜ್ ಕುದುರೆ ಬೇಕಂತೆ. "ಇಟ್ಕೊಳ್ತೇನೆ ಅಂದಿದ್ರಲ್ಲ," ಎಂದೆ. "ಬೀಚಿಗೆ ಕೊಡ್ಲಿಲ್ಲ ಅಲ್ವಾ ಮಾರಾಯ್ರೆ," ಎಂದರು ಶೆಟ್ಟರು. ಬೀಚಿಗೆ ಕೊಡಲಿಲ್ಲ ಎಂಬುದಂತೂ ಸುಳ್ಳಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕುದುರೆಯನ್ನು ಉಳಿಸಿಕೊಳ್ಳಲು ಅಷ್ಟು ಒದ್ದಾಡಿ, ಕಳೆದುಕೊಳ್ಳುವಷ್ಟು ಚೆನ್ನಾಗಿ ತಿದ್ದಿಟ್ಟಿದ್ದೆವು ನಾವು.

ಲಾರಿ ಹತ್ತಲು ನವಾಬ ಒಪ್ಪಲಿಲ್ಲ. ಮೋನಾಕ ಲಗಾಮು ಹಿಡಿದು, "ಬಾ ಮೋನೆ," ಎಂದು ಮಗನನ್ನು ಕರೆಯುವಂತೆ ಕರೆದು ಮೊದಲು ತಾವು ಒಳಗೆ ಹೋದರು. ಮಗು ಹಿಂದೆ ಬಂದ ಹಾಗೆ ಅವನೂ ಹೋದ. ಒಳಗೆ ಬಹಳ ಹೊತ್ತು ಬ್ಯಾರಿ ಕೇಳಿಸಿತು. ಇಳಿದು ಬಂದವರು, "ಇನ್ನೊಂದು ಬಾಯಿ ತಿದ್ಲಿಕ್ಕೆ ನನ್ನಿಂದ ಆಗುದಿಲ್ಲ ಅಕ್ಕ, ಸಾಕಾಯ್ತು," ಎಂದು ಕೊಡೆ ತೆಗೆದುಕೊಂಡು ಬಸ್ಸಿಗೆ ಹೋದರು. ಮೈದಾನಕ್ಕೆ ಮತ್ತೆ ಬರಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಜೆಪ್ಪುವಿನ ಅವರ ಮನೆಯಲ್ಲಿ. ಹೃದಯ ಸೋತಿತ್ತು, ಕಾಲು ಬಾತಿತ್ತು, ನಾಲ್ಕು ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಅದೇ ವಾರ ನವಾಬನನ್ನು ಕೊಂಡವರ ಮಗಳು, ಬೆಂಗಳೂರಿನ ಹುಡುಗಿ, ಶೆಟ್ಟರಿಂದ ನಂಬರು ಪಡೆದು ನನಗೊಂದು ವಿಡಿಯೋ ಕಳಿಸಿದ್ದಳು. ನವಾಬ ತಲೆ ಎಸೆಯುತ್ತಿದ್ದಾನೆ, ನೀವು ಹೇಗೆ ಓಡಿಸುತ್ತಿದ್ದಿರಿ ಎಂದು ಕೇಳಿದ್ದಳು. ತೋರಿಸಲೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ವಿಷಯ ಹೇಳಿದಾಗ, "ನನಗೆ ತೋರಿಸ್ಬೇಡಿ. ನನ್ನ ಕೆಲಸ ಮುಗ್ದಿದೆ," ಎಂದು ಗೋಡೆಯ ಕಡೆ ಹೊರಳಿದರು. ಸ್ವಲ್ಪ ಹೊತ್ತಿಗೆ ಕೈ ಮಾತ್ರ ಈ ಕಡೆ ಚಾಚಿದರು. ಫೋನ್ ಕೊಟ್ಟೆ.

ಮೂಗಿಗೆ ಹತ್ತಿರ ಹಿಡಿದು ನೋಡಿದರು. ಹುಡುಗಿ ಎಡಗೈಯಲ್ಲಿ ಎಳೆಯುತ್ತಿದ್ದಳು, ಥೇಟ್ ಮೊದಲಿನ ನನ್ನ ಹಾಗೆಯೇ. ನವಾಬನ ಬಾಯಿ ತೆರೆದು ನೊರೆ ಬಂದಿತ್ತು. ಮೋನಾಕ ಅದನ್ನು ಮತ್ತೊಮ್ಮೆ ಹಾಕಿ ನೋಡಿದರು. ಯಾಕಾದರೂ ತಂದೆನೋ ಎನಿಸಿತು.

"ಈ ಹುಡುಗಿಗೆ ಕನ್ನಡ ಬರ್ತದಾ?" ಎಂದರು.

"ಬರ್ತದೆ."

"ಫೋನ್ ಮಾಡಿ."

ಡಾಕ್ಟರು ಮಾತಾಡಬೇಡಿ ಎಂದಿದ್ದಾರೆಂದು ಅವರ ಹೆಂಡತಿ ಬಾಗಿಲಿನಿಂದ ಗದರಿದರು. ಅವರು ಕೇಳಿಸಿಕೊಳ್ಳಲಿಲ್ಲ. ನನ್ನ ಹೆಗಲು ಹಿಡಿದು ಎದ್ದು, ದಿಂಬಿಗೆ ಒರಗಿ, ಪಾಠಕ್ಕೆ ಕೂತಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಹುಡುಗಿ ಹಲೋ ಎಂದದ್ದೇ, ನಮಸ್ಕಾರವಿಲ್ಲ ಕುಶಲವಿಲ್ಲ, "ಅಮ್ಮ, ನಿಮ್ಮ ಎಡಗೈ ಭಾರ ಉಂಟು," ಎಂದರು.

ಅವಳು ಗಾಬರಿಯಾಗಿ, "ನೀವು ಯಾರು ಮಾತಾಡೋದು?" ಎಂದಳು.

ಮೋನಾಕ ಉಸಿರು ಎಳೆದುಕೊಂಡರು. ಹೆಸರು ಹೇಳಬಹುದಿತ್ತು, ಮಂಗಳೂರಿನ ಮಾಸ್ಟ್ರು ಎನ್ನಬಹುದಿತ್ತು.

"ನಾನಾ?" ಎಂದರು. "ನಾನು ಕುದುರೆಯ ಕಡೆಯವ."