ಫೈಲಿಗೆ ಕೇಳಿದ ಪ್ರಶ್ನೆಗಳು

ನನಗೊಂದು ಚಟವಿದೆ. ಕಂಪ್ಯೂಟರಿನಲ್ಲಿ ಯಾವುದೇ ಫೈಲನ್ನು ತೆರೆಯುವ ಮೊದಲು ಅದರ ಯೋಗಕ್ಷೇಮ ವಿಚಾರಿಸುತ್ತೇನೆ. ನಿನ್ನನ್ನು ಓದಲು ಬರುತ್ತದೆಯೇ? ನಿನ್ನ ಮೇಲೆ ಬರೆಯಬಹುದೇ? ತೂಕ ಎಷ್ಟು? ನಿನ್ನನ್ನು ಕೊನೆಯ ಸಲ ತಿದ್ದಿದ್ದು ಯಾವಾಗ? ಉಳಿದ ಜನ ಹೆಸರಿನ ಮೇಲೆ ಎರಡು ಸಲ ಕುಟ್ಟಿ ಒಳಗೆ ನುಗ್ಗಿಬಿಡುತ್ತಾರೆ. ನಾನು ಕೊಪ್ಪಳದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವಳು. ನನಗೆ ಉತ್ತರಕ್ಕಿಂತ ಮೊದಲು ಕ್ರಮ ಬೇಕು.

ಈ ಚಟ ಹಚ್ಚಿದ್ದು ನಾನು ಬರೆಯಲು ಬಳಸುವ ಹಳೆಯ ತಂತ್ರಾಂಶ, ನನ್ನ ಎಡಿಟರು. ಕಪ್ಪು ಪರದೆ, ಮೇಲೆ ಒಂದು ಗುಂಡಿಯಿಲ್ಲ, ಚಿತ್ರವಿಲ್ಲ. ಕರೆಂಟು ಹೋದಾಗಿನ ಟೀವಿಯ ಹಾಗಿದೆ ಎನ್ನುತ್ತಾರೆ ನಮ್ಮ ಮನೆಯವರು. ಆದರೆ ಅದಕ್ಕೆ ತನ್ನದೇ ಒಂದು ಪುಟ್ಟ ಭಾಷೆಯಿದೆ. ಆ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಹೇಳಿದ್ದನ್ನು ಮಾಡುತ್ತದೆ. ಫೈಲಿನ ಲಕ್ಷಣ ಕೇಳಲು ಅದರಲ್ಲಿ ಒಂದೊಂದು ಪ್ರಶ್ನೆಗೂ ಒಂದೊಂದು ಪದ. ಹೌದಾದರೆ ಒಂದು ಎನ್ನುತ್ತದೆ, ಇಲ್ಲವಾದರೆ ಸೊನ್ನೆ. ವಿವರಣೆಯಿಲ್ಲ, ನೆಪವಿಲ್ಲ. ಇಷ್ಟು ಚೊಕ್ಕವಾಗಿ ನನಗೆ ಉತ್ತರ ಕೊಟ್ಟ ವಿದ್ಯಾರ್ಥಿ ಇನ್ನೂ ಹುಟ್ಟಬೇಕು.

ಫೈಲು ಇದ್ದ ಮಾತ್ರಕ್ಕೆ ಓದಲು ಬರುತ್ತದೆಂದಲ್ಲ, ಓದಲು ಬಂದ ಮಾತ್ರಕ್ಕೆ ಬರೆಯಲು ಬಿಡುತ್ತದೆಂದೂ ಅಲ್ಲ. ಈ ಸೂಕ್ಷ್ಮ ನಮ್ಮ ಕಡೆಯವರಿಗೆ ಹೊಸದಲ್ಲ. ಮಧ್ಯಾಹ್ನದ ಹೊತ್ತು ಯಾರದೋ ಬಾಗಿಲಲ್ಲಿ ನಿಂತು ಸಾಹೇಬರು ಇದ್ದಾರೆಯೇ ಎಂದು ಕೇಳಿ ನೋಡಿ. “ಅದಾರ್ರಿ, ಊಟಾ ಮಾಡಿ ಮಲಗ್ಯಾರ” ಎಂಬ ಉತ್ತರ ಬರುತ್ತದೆ. ಇದ್ದಾರೆ, ಆದರೆ ಈಗ ತೆರೆಯಲಾಗದು. ಇನ್ನು ತೂಕದ ಪ್ರಶ್ನೆ ಕೇಳಿದಾಗ ನನಗೆ ಒಂದು ಹೆಮ್ಮೆ. ಇಂಗ್ಲಿಷಿನ ಅಕ್ಷರ ಈ ತಕ್ಕಡಿಯಲ್ಲಿ ಒಂದೇ ಒಂದು ಬೈಟು ತೂಗಿದರೆ ನಮ್ಮ ಅಕ್ಷರ ಮೂರು ತೂಗುತ್ತದೆ. ಕೊಂಬು, ಇಳಿ, ಏತ್ವಕ್ಕೂ ಬೇರೆಯಾಗಿ ಮೂರು. ಕನ್ನಡಕ್ಕೆ ತೂಕವಿಲ್ಲ ಎನ್ನುವವರಿಗೆ ಇದನ್ನು ತೋರಿಸಬೇಕು.

ಇಂಥ ಪ್ರಶ್ನೋತ್ತರದಿಂದಲೇ ಶಂಶಾದಳ ಜೊತೆಗಿನ ನನ್ನ ಗೆಳೆತನ ಮುರಿಯುವುದರಲ್ಲಿತ್ತು.

ಶಂಶಾದ್ ಮತ್ತು ನಾನು ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವಳೀಗ ಕುಷ್ಟಗಿಯಲ್ಲಿ ಹೈಸ್ಕೂಲಿಗೆ ಕನ್ನಡ ಕಲಿಸುತ್ತಾಳೆ. ಕೆಲವು ವರ್ಷಗಳಿಂದ ನಾವಿಬ್ಬರೂ ಸೇರಿ ನಮ್ಮ ಸೀಮೆಯ ಮಾತುಗಳನ್ನು ಕೂಡಿಸುತ್ತಿದ್ದೇವೆ. ಯಲಬುರ್ಗಿ ಸಂತೆಯಲ್ಲಿ ಕೇಳಿದ್ದು, ಶ್ರೀರಾಮನಗರದ ಗದ್ದೆಯ ಕಡೆಯಿಂದ ತೆಲುಗಿನ ವಾಸನೆ ಹೊತ್ತು ಬಂದದ್ದು, ಅವಳ ಅಜ್ಜಿಯ ಬಾಯಲ್ಲಿದ್ದದ್ದು, ಎಲ್ಲ ಒಂದೇ ಫೈಲಿನಲ್ಲಿ. ಆ ಫೈಲು ಇಂಟರ್ನೆಟ್ಟಿನ ಮೂಲಕ ಅವಳ ಕಂಪ್ಯೂಟರಿನಲ್ಲೂ ಇರುತ್ತದೆ, ನನ್ನದರಲ್ಲೂ ಇರುತ್ತದೆ. ಒಮ್ಮೆ ಅವಳು ಬರೆಯುವುದು, ಒಮ್ಮೆ ನಾನು. ಬರೆದಾದ ಮೇಲೆ “ನಿನ್ನ ಪಾಳಿ” ಎಂದು ಫೋನಿಗೆ ಸಂದೇಶ ಕಳಿಸುವುದು ನಮ್ಮ ಪದ್ಧತಿ.

ಜಗಳ ಹತ್ತಿದ್ದು ನಿಜ ಎಂಬರ್ಥದ ‘ಖರೆ’ ಪದಕ್ಕೆ. ಅದು ಉರ್ದುವಿನಿಂದ ಬಂತೆಂದು ಅವಳು ಬರೆದಳು. ನಾನು ಅಳಿಸಿ ಮರಾಠಿ ಎಂದು ಬರೆದೆ. ಅವಳು ಅದನ್ನೂ ಅಳಿಸಿ ಮತ್ತೆ ಉರ್ದು ಎಂದಳು. ಫೋನಿನಲ್ಲಿ ಮಾತು ಬೆಳೆಯಿತು. ನಿಮ್ಮ ಗಣಿತದಲ್ಲಿ ಮಾತು ಹುಟ್ಟುವುದಿಲ್ಲ ಎಂದು ಅವಳು ಹಂಗಿಸಿದಳು. ನಿಮ್ಮ ವ್ಯಾಕರಣದಲ್ಲಿ ಲೆಕ್ಕ ತಾಳೆಯಾಗುವುದಿಲ್ಲ ಎಂದು ನಾನೂ ಅಂದೆ. ಕೊನೆಗೆ ಅವಳು, “ಪಾಳಿ ನಿಂದೈತಿ, ಹೆಂಗ ಬೇಕೋ ಹಂಗ ಬರಕೋ” ಎಂದು ಫೋನಿಟ್ಟಳು.

ಮರುದಿನ ಸಂಜೆ ಮರಾಠಿಯನ್ನು ಮರಳಿ ಪಟ್ಟಕ್ಕೇರಿಸಲು ಕೂತರೆ, ಎಡಿಟರು ಉಳಿಸಲು ಒಪ್ಪಲಿಲ್ಲ. ಇದು ಬರೀ ಓದುವ ಫೈಲು, ಬಲವಂತವಾಗಿ ಬರೆಯುವುದಿದ್ದರೆ ಉದ್ಗಾರ ಚಿಹ್ನೆ ಹಾಕು ಎಂದಿತು. ನಾನು ಪ್ರಶ್ನೆಗಳನ್ನು ಶುರು ಮಾಡಿದೆ. ಓದಲು ಬರುತ್ತದೆಯೇ? ಒಂದು. ಬರೆಯಲು? ಸೊನ್ನೆ. ಕೊನೆಯ ಸಲ ತಿದ್ದಿದ್ದು ಯಾವಾಗ? ನಿನ್ನೆ, ಅವಳು ಉರ್ದು ಎಂದು ಬರೆದ ಗಳಿಗೆ. ಇನ್ನೇನು ಸಾಕ್ಷಿ ಬೇಕು? ತನ್ನ ಮಾತು ಬರೆದು ಬೀಗ ಜಡಿದಿದ್ದಾಳೆ.

ಒಂದು ಉದ್ಗಾರ ಚಿಹ್ನೆಯಿಂದ ಮುಗಿಯುವ ಕೆಲಸ. ಆದರೆ ಇನ್ನೊಬ್ಬರು ಹಾಕಿದ ಬೀಗ ಒಡೆಯುವುದು ನಮ್ಮ ಮನೆತನದಲ್ಲಿಲ್ಲ. ಬದಲಿಗೆ ನಾಲ್ಕು ಸಾಲಿನ ಸ್ಕ್ರಿಪ್ಟು ಬರೆದೆ. ಎಡಿಟರು ತೆರೆದಾಗಲೆಲ್ಲ ಅದು ತಾನೇ ಫೈಲನ್ನು ಕೇಳಿ, ಬರೆಯಬಹುದೋ ಇಲ್ಲವೋ ಎಂದು ಪರದೆಯ ಕೆಳಗೆ ತೋರಿಸಬೇಕು. ದಿನಾ ಬೆಳಿಗ್ಗೆ ಚಹಾದ ಜೊತೆಗೆ ನನಗೊಂದು ಸೊನ್ನೆ ಸಿಗತೊಡಗಿತು. ಅವಳಿಗೆ ಮನಸ್ಸು ಕರಗಿದ ದಿನ ಒಂದು ಬರುತ್ತದೆ ಎಂದು ಕಾದೆ. ಶಂಶಾದ್ ಕೂಡ ಏನೂ ಬರೆಯಲಿಲ್ಲ, ಫೋನೂ ಮಾಡಲಿಲ್ಲ.

ರಜೆಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಇಟಗಿಗೆ ಹೋಗುವುದೆಂದು ಮಾತಾಗಿತ್ತು. ನನಗೆ ಬರಲು ಆಗುವುದಿಲ್ಲ ಎಂದು ಸಂದೇಶ ಕಳಿಸಿದೆ. “ಆತು” ಎಂದು ಉತ್ತರ ಬಂತು. ಆ ಎರಡಕ್ಷರವನ್ನು ನಾನು ಎಷ್ಟು ಬಗೆಯಲ್ಲಿ ಬಿಡಿಸಿದೆನೆಂದರೆ, ಕನ್ನಡ ಎಂ.ಎ. ಕಟ್ಟಿದವರೂ ಒಂದು ಪದವನ್ನು ಅಷ್ಟು ಹಿಂಡಿರಲಾರರು. ಒಂದು ಸಲ ಅದರಲ್ಲಿ ಸಿಟ್ಟು ಕಂಡಿತು, ಒಂದು ಸಲ ತಾತ್ಸಾರ, ಇನ್ನೊಂದು ಸಲ ಮೂವತ್ತು ವರ್ಷದ ಗೆಳೆತನದ ಮುಕ್ತಾಯ.

ನಮ್ಮ ಮನೆಯವರು ಜವಳಿ ಅಂಗಡಿಯವರು. ನನ್ನ ಮೋರೆ ನೋಡಿ ಏನಾಯಿತೆಂದು ಕೇಳಿದರು. ಏನಿಲ್ಲ ಎಂದೆ. ಸಂಜೆ ಅಂಗಡಿಯಿಂದ ಒಂದು ಸೀರೆ ತಂದರು. ಅವರ ಬಳಿ ಎಲ್ಲ ಕಾಯಿಲೆಗೂ ಅದೊಂದೇ ಔಷಧ.

ಕೊನೆಗೆ ಒಂದು ಭಾನುವಾರ ತಡೆಯಲಾಗದೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಕುಷ್ಟಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗಂಭೀರವಾದ ಮಾತುಗಳನ್ನು ಜೋಡಿಸಿಕೊಂಡೆ. ಬಾಗಿಲು ತೆರೆದ ಶಂಶಾದ್ ಸೀದಾ ಒಳಗೆ ಹೋಗಿ ಬಾಣಲೆಗೆ ಎಣ್ಣೆ ಹಾಕಿದಳು. ಬಿಸಿ ಮಿರ್ಚಿ, ಮಂಡಕ್ಕಿ ಎದುರಿಗೆ ಬಂದವು. ಮಿರ್ಚಿ ಕಚ್ಚಿದ ಬಾಯಲ್ಲಿ ಗಂಭೀರವಾಗಿ ಮಾತಾಡುವುದು ಕಷ್ಟ. ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯದೆಂದು ಅವಳು ತಿಳಿದಳು, ನಾನೂ ಹಾಗೆಯೇ ಇರಲೆಂದು ಬಿಟ್ಟೆ.

ಆಮೇಲೆ ಲ್ಯಾಪ್‌ಟಾಪು ತೆರೆದು ಪರದೆಯ ಕೆಳಗಿನ ಸೊನ್ನೆಯನ್ನು ತೋರಿಸಿದೆ. ಪ್ರಶ್ನೆಗಳನ್ನೆಲ್ಲ ಅವಳೆದುರೇ ಮತ್ತೊಮ್ಮೆ ಕೇಳಿಸಿ, ಉತ್ತರಗಳ ಅರ್ಥ ಬಿಡಿಸಿ ಹೇಳಿದೆ. ಅವಳು ಶಾಂತವಾಗಿ ಕೇಳಿಸಿಕೊಂಡಳು. ತನ್ನ ಕಂಪ್ಯೂಟರನ್ನೂ ತಂದು ಅದೇ ಫೈಲನ್ನು ತೆರೆದು, ಒಂದು ಅಕ್ಷರ ಸೇರಿಸಿ ಉಳಿಸಿ ತೋರಿಸಿದಳು. ಅಲ್ಲಿ ಬೀಗವೇ ಇರಲಿಲ್ಲ.

“ನಾ ಬೀಗ ಹಾಕೂದಿದ್ರ ಫೋನ್ ಹಚ್ಚಿ, ಜಗಳಾಡಿ, ಆಮ್ಯಾಲೆ ಹಾಕ್ತಿದ್ದೆ. ನಿನ್ನ ಪಾಳಿ ಅಂತ ಕಾಯ್ಕೋತ ಕುಂತೀನಿ ನಾನು. ಫೈಲಿಗೆ ಇಷ್ಟು ಪ್ರಶ್ನಿ ಕೇಳಿದಿ, ನನಗ ಒಂದು ಕೇಳಾಕ ಆಗಲಿಲ್ಲೇನ?” ಎಂದಳು.

ಹಾಗಾದರೆ ಬೀಗ ಹಾಕಿದವರು ಯಾರು? ಕೊಪ್ಪಳದ ನಮ್ಮ ಮನೆಯಲ್ಲಿ ನಾನು ಬಿಟ್ಟರೆ ಇರುವವರು ಒಬ್ಬರೇ. ಫೋನು ಹಚ್ಚಿ ಇಬ್ಬರಿಗೂ ಕೇಳುವಂತೆ ಇಟ್ಟೆ.

“ಹೌದು, ನಾನ ಹಾಕೀನಿ” ಎಂದರು ನಮ್ಮ ಮನೆಯವರು. “ಅವತ್ತೊಂದಿನ ಮುಂಜಾನಿ ಅರಿವಿ ತಗೊಂಡು ನಿನ್ನ ಲ್ಯಾಪ್‌ಟಾಪಿನ ಧೂಳ ಒರಸೂ ಮುಂದ ನಾಕು ಸಾಲು ಮಾಯ ಆದ್ವು. ಗಾಬರಿ ಆಗಿ ಮುಚ್ಚಿಬಿಟ್ಟೆ. ಮತ್ತ ಹಂಗ ಆಗಬಾರ್ದಂತ, ಅಂಗಡಿ ಕಂಪ್ಯೂಟರ್ ನೋಡಾವ್ರನ್ನ ಕೇಳಿ ರೀಡ್ ಓನ್ಲಿ ಅನ್ನೂದಕ್ಕ ಟಿಕ್ ಹಾಕಿದೆ. ಯಾಕ, ತಪ್ಪಾತೇನ?”

ನನ್ನ ಎಡಿಟರಿನಲ್ಲಿ ಪ್ರತಿ ಕೀಲಿಗೂ ಒಂದು ಕೆಲಸವಿದೆ. ಅದರಲ್ಲೊಂದು ಕೀಲಿಯನ್ನು ಎರಡು ಸಲ ಒರೆಸಿದರೆ ಒಂದು ಸಾಲು ಅಳಿಸಿಹೋಗುತ್ತದೆ. ನಮ್ಮ ಮನೆಯವರು ನನ್ನ ಪದಗಳನ್ನು ತಮ್ಮದೇ ಕೈಯಿಂದ ಪಾರು ಮಾಡಲು ಹೊರಟಿದ್ದರು. ಶಂಶಾದ್ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು, ತಪ್ಪೇನೂ ಆಗಿಲ್ಲ ಅಣ್ಣಾರ ಎನ್ನಲು ಹೋಗಿ, ನಗು ತಡೆಯಲಾಗದೆ ಅಡುಗೆಮನೆಗೆ ಎದ್ದು ಹೋದಳು.

ಟಿಕ್ ತೆಗೆದೆ. ಖರೆ ಎಂಬುದರ ಎದುರು ಮರಾಠಿ, ಉರ್ದು ಎರಡನ್ನೂ ಬರೆದೆವು. ಯಾವುದು ಮೊದಲು ಬರಬೇಕೆಂದು ಮತ್ತೆ ಸ್ವಲ್ಪ ಜಗಳವಾಯಿತು. ಅದು ಮುಗಿಯುವಷ್ಟರಲ್ಲಿ ಕೊಪ್ಪಳದ ಬಸ್ಸು ಹೋಗಿತ್ತು, ಮುಂದಿನದಕ್ಕೆ ಹೊರಟೆ.

ಫೈಲು ಈಗ ತೆರೆದೇ ಇರುತ್ತದೆ. ಧೂಳು ಒರೆಸುವುದೂ ನಡೆದಿದೆ. ಹೋದ ವಾರ ನಾನು ಬರೆಯುತ್ತ ಬರೆಯುತ್ತ ಹಾಗೆಯೇ ಎದ್ದು ಕಾಲೇಜಿಗೆ ಹೋಗಿದ್ದೆ. ಸಂಜೆ ಬಂದು, ಮೇಲಿನದನ್ನು ನೋಡದೆ ಉಳಿಸಿ, ಪಾಳಿ ಬಿಟ್ಟುಕೊಟ್ಟೆ. ಸ್ವಲ್ಪ ಹೊತ್ತಿಗೆ ಶಂಶಾದಳ ಫೋನು ಬಂತು. ಎರಡು ಪದಗಳ ನಡುವೆ ‘ಳಳಳಳಳ’ ಎಂದಿದೆ, ಇದು ಯಾವ ಊರಿನ ಮಾತು ಎಂದು ಕೇಳಿದಳು. ನಮ್ಮ ಮನೆಯದು ಎಂದೆ, ಅಳಿಸಿಬಿಡು ಎಂದೆ.

ಅವಳು ಅಳಿಸಲಿಲ್ಲ. ಮರುದಿನ ನೋಡಿದರೆ ಅದರ ಮುಂದೆ ಅರ್ಥ ಸೇರಿಸಿದ್ದಳು: ‘ಹೆಂಡತಿಯ ಸಾಮಾನಿನ ಮೇಲೆ ಧೂಳು ಕೂಡಬಾರದು ಎಂಬ ಕಾಳಜಿ. ಕೊಪ್ಪಳದ ಒಂದು ಮನೆಯಲ್ಲಿ ಮಾತ್ರ ಬಳಕೆಯಲ್ಲಿದೆ.’